ಮಿಷನ್ ಚರ್ಚಿನ ಸಮಾಧಿಭೂಮಿ ಪಕ್ಕದ ಚರಂಡಿ ಕಾಮಗಾರಿ ಕುರಿತು ಮನವಿ

ಇವರಿಗೆ,
ಮಾನ್ಯ ಆಯುಕ್ತರು

ವಿಷಯ: ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಕ್ರೈಸ್ತ ಮಿಷನ್ ಸಂಸ್ಥೆ) ಕಾಲದ ಚರ್ಚ್ ಮತ್ತು ಸಮಾಧಿಭೂಮಿಗೆ ತಾಗಿದ ಚರಂಡಿ, ಇಂಟರ್‌ಲಾಕ್ ಕೆಲಸದ ಅಂದಾಜುಪಟ್ಟಿ ತಿದ್ದುವ ಬಗ್ಗೆ.

ಮಾನ್ಯರೇ,

1834ರ ಅಕ್ಟೋಬರ್ 30ರಂದು ಬಾಸೆಲ್ ಮಿಷನ್‌ನ ಮೊದಲ ಮಿಷನರಿಗಳಾದ ಹೆಬಿಕ್, ಲೆಹ್ನರ್, ಗ್ರೈನರ್ ಮಂಗಳೂರಿಗೆ ಬಂದಿಳಿದರು. 1841ಕ್ಕೆ ಅಚ್ಚುಕೂಟ, 1843ರ ಜುಲೈ 1ಕ್ಕೆ ಮಿಷನರಿ ಮೋಗ್ಲಿಂಗರ ಕಲ್ಲಚ್ಚಿನ ಪತ್ರಿಕೆ ‘ಮಂಗಳೂರು ಸಮಾಚಾರ’, 1862ಕ್ಕೆ ಬಲ್ಮಠದ ಶಾಂತಿ ಚರ್ಚ್, 1865ಕ್ಕೆ ಜೆಪ್ಪಿನ ಹಂಚಿನ ಕಾರ್ಖಾನೆ. ಇಷ್ಟು ಎಲ್ಲ ಕಡೆ ಬರೆದಿದೆ. ಮಿಷನರಿಗಳ ಹೆಸರು ಬಾಸೆಲ್‌ನ ದಾಖಲೆಗಳಲ್ಲಿ ಭದ್ರವಾಗಿದೆ. ಅಚ್ಚುಮೊಳೆ ಜೋಡಿಸಿದವರು, ಮಗ್ಗ ನೇಯ್ದವರು, ಹಂಚು ಸುಟ್ಟವರು ಎಷ್ಟೋ ಮಂದಿಯ ಹೆಸರು ಉಳಿದಿರುವುದು ಸಮಾಧಿಕಲ್ಲುಗಳ ಮೇಲೆ ಮಾತ್ರ.

ನಮ್ಮ ವಾರ್ಡಿನ ಸಮಾಧಿಭೂಮಿಯ ಗೋಡೆ ಮುರಕಲ್ಲಿನದು (ಜಂಬಿಟ್ಟಿಗೆ), ಸುಣ್ಣದ ಗಾರೆಯದು. ಒಳಗಿನ ನೆಲ ರಸ್ತೆಗಿಂತ ಎತ್ತರ. ಅಷ್ಟೂ ಮಣ್ಣಿನ ಭಾರ ಗೋಡೆಯ ಮೇಲಿದೆ. ಅದರ ಬುಡಕ್ಕೇ ಚರಂಡಿ ತೋಡಿದರೆ ಮೊದಲ ಜೋರು ಮಳೆಗೆ ಗೋಡೆ ರಸ್ತೆ ಕಡೆ ಜಾರುತ್ತದೆ. ಬುಡದಿಂದ ಕನಿಷ್ಠ ಒಂದೂವರೆ ಮೀಟರ್ ಬಿಟ್ಟು, ಒಂದು ಸಲಕ್ಕೆ 3 ಮೀಟರ್ ಮಾತ್ರ ತೋಡಿ, ಅಷ್ಟನ್ನು ಕಟ್ಟಿ ಮುಚ್ಚಿದ ಮೇಲೆ ಮುಂದೆ ಹೋಗಲಿ. ನೀರು ಹೊರಬರುವ ತೂತುಗಳನ್ನು ಮುಚ್ಚಬಾರದು.

ಅಂದಾಜುಪಟ್ಟಿಯಲ್ಲಿ ಗೋಡೆಗೆ ಸಿಮೆಂಟ್ ಗಿಲಾವು ಸೇರಿದೆ. ದಯವಿಟ್ಟು ಬೇಡ. ಮುರಕಲ್ಲು ಮಳೆಗೆ ನೀರು ಕುಡಿದು ಬಿಸಿಲಿಗೆ ಬಿಡುತ್ತದೆ. ಸಿಮೆಂಟ್ ಬಳಿದರೆ ನೀರು ಒಳಗೇ ಉಳಿಯುತ್ತದೆ, ಕೆಲವೇ ಮಳೆಗಾಲದಲ್ಲಿ ಗಿಲಾವು ಉಬ್ಬಿ ಕಲ್ಲಿನ ಮುಖವನ್ನೂ ಕಿತ್ತುಕೊಂಡು ಬೀಳುತ್ತದೆ. ಚರ್ಚಿನ ಹಿಂಬದಿಯ ಮೂಲೆಯಲ್ಲಿ ಬೆರಳಿಟ್ಟರೆ ಕಲ್ಲು ಕೆಂಪು ಹುಡಿಯಾಗಿ ಉದುರುವುದು ಇದೇ ಕಾರಣಕ್ಕೆ. ಸಿಮೆಂಟಿನ ಬದಲು, ಎರಡು ವಾರ ನೆನೆಸಿದ ಸುಣ್ಣ ಒಂದು ಪಾಲು, ಮರಳು ಮೂರು ಪಾಲು ಸಾಕು.

ಇಂಟರ್‌ಲಾಕ್ ಈಗ ಎಲ್ಲ ಅಂಗಳಕ್ಕೂ ಬಂದಿದೆ, ಸಮಾಧಿಗಳ ನಡುವೆಯಾದರೂ ಬಿಡಲಿ. ಅದು ಹಾಸಿದಲ್ಲಿ ಇಂಗಬೇಕಾದ ನೀರೆಲ್ಲ ಸಮಾಧಿಕಲ್ಲುಗಳ ಬುಡಕ್ಕೆ ಹರಿಯುತ್ತದೆ. ದಾರಿಗೆ ಜಲ್ಲಿ ಹಾಕಿದರಾಯಿತು. ಕಲ್ಲುಗಳನ್ನು ಎತ್ತಿ ಸಾಲಾಗಿ ನಿಲ್ಲಿಸುವ ‘ಸೌಂದರ್ಯೀಕರಣ’ವೂ ಬೇಡ, ಜಾಗ ತಪ್ಪಿದರೆ ಯಾರ ಕಲ್ಲು ಯಾರ ತಲೆಯ ಮೇಲೆ ಎಂದು ಹೇಳಲಾಗದು.

ತೊಳೆಯಲು ಆಸಿಡ್, ತಂತಿ ಬ್ರಶ್ ಮುಟ್ಟಿಸಬಾರದು. ಬರೀ ನೀರು, ಮೆತ್ತನೆಯ ಬ್ರಶ್. ಸವೆದ ಕನ್ನಡ ಅಕ್ಷರ ನಡುಹಗಲಲ್ಲಿ ಕಾಣುವುದಿಲ್ಲ. ಸಂಜೆ ಟಾರ್ಚನ್ನು ಕಲ್ಲಿನ ಒಂದು ಮಗ್ಗುಲಿಂದ ಓರೆಯಾಗಿ ಹಿಡಿದರೆ ಒತ್ತುಗಳೂ ಎದ್ದು ಬರುತ್ತವೆ. ಬಿರುಕಿನಲ್ಲಿ ಹುಟ್ಟಿದ ಗೋಳಿ (ಆಲದ) ಗಿಡವನ್ನು ಎಳೆದರೆ ಕಲ್ಲೂ ಜೊತೆಗೆ ಬರುತ್ತದೆ, ಬುಡದಲ್ಲಿ ಕತ್ತರಿಸಬೇಕು.

ಇನ್ನೊಂದು. ಮಾಹಿತಿ ಫಲಕದ ಕರಡಿನಲ್ಲಿ, ಹಂಚಿನ ಮೇಲಿನ ಅಚ್ಚು ನೋಡಿ, ನಮ್ಮ ಚರ್ಚ್ ಕಟ್ಟಿದ್ದು 1865 ಎಂದಿದೆ. ಅದು ಕಾರ್ಖಾನೆ ಶುರುವಾದ ವರ್ಷ. ಚರ್ಚಿನ ವರ್ಷವನ್ನು ಕ್ರೈಸ್ತ ಸಭೆಯ ದಾಖಲೆ ನೋಡಿಯೇ ಬರೆಯಬೇಕು.

ಟೆಂಡರ್ ಕರೆಯುವ ಮುನ್ನ ಎಂಜಿನಿಯರರು ಒಮ್ಮೆ ಸ್ಥಳಕ್ಕೆ ಬಂದು, ಸಭೆಯ ಹಿರಿಯರ ಎದುರಿನಲ್ಲಿ ಅಳತೆ ಹಿಡಿಯಬೇಕೆಂದು ಕೋರುತ್ತೇವೆ.

ಇಂತಿ,
ವಾರ್ಡಿನ ನಿವಾಸಿಗಳು

ಲಗತ್ತು: ಸಮಾಧಿಗಳಿಗೆ ಸಂಖ್ಯೆ ಹಾಕಿದ ನಕ್ಷೆ, ಗೋಡೆಯ ಫೋಟೊಗಳು.