ಲಾಲಾಜಿ ಕೊಲ್ಲಿ: ಚಿತ್ರದ ಜೊತೆ ಉಬ್ಬರದ ವೇಳೆಯೂ ಅಚ್ಚಾಗಲಿ

ಮಾನ್ಯರೇ,

ರಜೆ ಹತ್ತಿರವಾದಂತೆ ಪ್ರವಾಸದ ಪುಟಗಳಲ್ಲಿ ಅಂಡಮಾನ್ ಕಾಣಿಸಿಕೊಳ್ಳುತ್ತದೆ. ಹ್ಯಾವ್‌ಲಾಕ್ ಮತ್ತು ನೀಲ್ ದ್ವೀಪಗಳ ಗದ್ದಲ ಬೇಡ ಎನ್ನುವವರಿಗೆ ಮಧ್ಯ ಅಂಡಮಾನಿನ ಲಾಂಗ್ ಐಲ್ಯಾಂಡ್, ಅಲ್ಲಿಯ ಲಾಲಾಜಿ ಕೊಲ್ಲಿಯ ಹೆಸರು ಹೇಳುವುದು ರೂಢಿ. ಬಿಳಿ ಮರಳು, ಹಸಿರು ನೀರು, ಒಬ್ಬರೂ ಇಲ್ಲದ ದಂಡೆ ಎಂಬ ವರ್ಣನೆ ನಿಜವೇ. ಆದರೆ ಒಬ್ಬರೂ ಇಲ್ಲದ ದಂಡೆಯಲ್ಲಿ ಅಂಗಡಿಯಿಲ್ಲ, ಕುಡಿಯುವ ನೀರಿಲ್ಲ, ಜೀವರಕ್ಷಕರಿಲ್ಲ, ಕಾಲು ಉಳುಕಿದರೆ ಕರೆಯಲು ಜನರಿಲ್ಲ. ಲೇಖನದ ಕೊನೆಗೆ 'ಹೋಗುವುದು ಹೇಗೆ' ಎಂದು ವಿಮಾನದ ಮಾಹಿತಿ ಕೊಟ್ಟು ಮುಗಿಸಿದರೆ ಓದುಗರಿಗೆ ನಿಜಕ್ಕೂ ಬೇಕಾದದ್ದು ಸಿಗುವುದಿಲ್ಲ. ಅಲ್ಲಿಗೆ ಹೊರಡುವವರು ಮೊದಲು ತಿಳಿಯಬೇಕಾದದ್ದು ಎರಡು: ಸೂರ್ಯ ಮುಳುಗುವ ಹೊತ್ತು ಮತ್ತು ಸಮುದ್ರ ಏರಿಳಿಯುವ ಹೊತ್ತು.

ಬೆಂಗಳೂರು ಮತ್ತು ಲಾಂಗ್ ಐಲ್ಯಾಂಡ್ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ದ್ವೀಪ ಇರುವುದು ಸುಮಾರು 15 ಡಿಗ್ರಿ ಪೂರ್ವಕ್ಕೆ. ಗಡಿಯಾರ ಮಾತ್ರ ಎರಡೂ ಕಡೆ ಒಂದೇ. ಹೀಗಾಗಿ ಅಲ್ಲಿ ಸೂರ್ಯ ನಮಗಿಂತ ಒಂದು ಗಂಟೆ ಮೊದಲು ಮುಳುಗುತ್ತಾನೆ. ಡಿಸೆಂಬರ್ ಮೊದಲ ವಾರ ಬೆಂಗಳೂರಿನಲ್ಲಿ ಸೂರ್ಯಾಸ್ತ 5.50ರ ಸುಮಾರಿಗಾದರೆ ಅಲ್ಲಿ 5 ಗಂಟೆಗೂ ಮೊದಲು. ದಟ್ಟ ಮರಗಳ ಕೆಳಗೆ ನಾಲ್ಕೂ ಕಾಲಕ್ಕೇ ಬೇರು, ಕಲ್ಲು ಕಾಣದಷ್ಟು ಬೆಳಕು ತಗ್ಗಿರುತ್ತದೆ. ಹಳ್ಳಿಯಿಂದ ಕೊಲ್ಲಿಗೆ ಕಾಡಿನ ದಾರಿ ಸುಮಾರು ಎರಡು ಗಂಟೆ, ಮಳೆ ಬಿದ್ದಿದ್ದರೆ ಇನ್ನೂ ಹೆಚ್ಚು. ಅಂದರೆ ಮಧ್ಯಾಹ್ನ 2 ಗಂಟೆಗೆ ದಂಡೆ ಬಿಡದವರು ಕತ್ತಲಲ್ಲಿ ನಡೆಯಬೇಕಾಗುತ್ತದೆ. ಊರಿನ ಅಭ್ಯಾಸದಂತೆ ತಿಂಡಿ ಮುಗಿಸಿ 10ಕ್ಕೆ ಹೊರಡುವವರಿಗೆ ಕೊಲ್ಲಿಯಲ್ಲಿ ಸಿಗುವುದು ಎರಡೇ ಗಂಟೆ. ಬೆಳಗಿನ 6 ಗಂಟೆಗೆ ಹೊರಡುವುದು ಸರಿಯಾದ ಕ್ರಮ. ಅಷ್ಟು ಹೊತ್ತಿಗೆ ಅಲ್ಲಿ ಚೆನ್ನಾಗಿ ಬೆಳಕು ಹರಿದಿರುತ್ತದೆ.

ಇನ್ನು ನೀರಿನ ಲೆಕ್ಕ. ನಮ್ಮ ಕರಾವಳಿಯವರು ಭರತ ಎನ್ನುವ ಉಬ್ಬರ ಅಲ್ಲಿಯೂ ದಿನಕ್ಕೆ ಎರಡು ಸಲ, ಮರುದಿನ ಸುಮಾರು 50 ನಿಮಿಷ ತಡವಾಗಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತದ ಅಂತರ ಸುಮಾರು ಎರಡು ಮೀಟರ್. ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಪೂರ್ತಿ ಏರಿಕೆಯನ್ನು 12 ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯ ಗಂಟೆಗಳಲ್ಲಿ ತಲಾ ಮೂರು, ಆಮೇಲೆ ಎರಡು, ಕೊನೆಗೆ ಒಂದು. ನಡುವಿನ ಎರಡು ಗಂಟೆಗಳಲ್ಲಿ ಅರ್ಧ ನೀರು ಬಂದುಬಿಡುತ್ತದೆ. ಬಂಡೆಯ ಮೂಲೆ ದಾಟಿ ಆಚೆಯ ಮರಳಿಗೆ ಹೋದವರು ಮೊದಲ ಗಂಟೆ ನೀರು ಬಂದೇ ಇಲ್ಲವಲ್ಲ ಎಂದು ಕುಳಿತುಬಿಡುತ್ತಾರೆ. ಆಮೇಲೆ ಎದೆಮಟ್ಟ ನೀರಿನಲ್ಲಿ, ಚೂಪು ಹವಳದ ಮೇಲೆ ಕಾಲಿಟ್ಟು ವಾಪಸು ಬರಬೇಕಾಗುತ್ತದೆ.

ಹಳ್ಳಿಯಲ್ಲಿ ಬಾಡಿಗೆಗೆ ಸಿಗುವ ಇಂಜಿನ್ ದೋಣಿಯನ್ನು ಅಲ್ಲಿ ಡುಂಗಿ ಎನ್ನುತ್ತಾರೆ. ನಡೆಯುವವರಿಗೂ ಡುಂಗಿಯಲ್ಲಿ ಹೋಗುವವರಿಗೂ ಬೇಕಾದ ನೀರು ಬೇರೆಬೇರೆ. ದಂಡೆ ಹಿಡಿದು ನಡೆಯುವ ಕಡೆಗಳಲ್ಲಿ ಇಳಿತ ಬೇಕು. ಡುಂಗಿಗೆ ಹವಳದ ದಿಬ್ಬ ದಾಟಲು ಉಬ್ಬರ ಬೇಕು. ತೀರಾ ಇಳಿತದಲ್ಲಿ ಅದು ಹೊರಗೇ ನಿಲ್ಲುತ್ತದೆ, ಜನ ಮೊಣಕಾಲುದ್ದ ನೀರಿನಲ್ಲಿ ಹವಳ ಮುರಿಯುತ್ತ ನಡೆಯುತ್ತಾರೆ, ಅವರ ಕಾಲೂ ಕೊಯ್ದುಕೊಳ್ಳುತ್ತದೆ. ತುಂಬಿದ ಉಬ್ಬರದಲ್ಲಿ ಬಂದು ದಡಕ್ಕೆ ಎಳೆದ ಡುಂಗಿ ಇಳಿತದಲ್ಲಿ ಮರಳಿನ ಮೇಲೆ ಕೂತುಬಿಟ್ಟರೆ ಮುಂದಿನ ನೀರು ಬರುವ ತನಕ ಅಲುಗಾಡದು. ಉಬ್ಬರದ ತುದಿಗೆ ಮೂರು ಗಂಟೆ ಮೊದಲಿನಿಂದ ಮೂರು ಗಂಟೆ ಆಮೇಲಿನವರೆಗೆ ಡುಂಗಿಯ ಹೊತ್ತು ಎಂದಿಟ್ಟುಕೊಳ್ಳಿ. ಬೆಳಿಗ್ಗೆ 7ರ ಹೊತ್ತಿಗೆ ಇಳಿತವಿರುವ ದಿನ ಸಿಕ್ಕರೆ ಬಲು ಅನುಕೂಲ. 6ಕ್ಕೆ ಹೊರಟು ನಡೆದು ಹೋಗಿ, ಮಧ್ಯಾಹ್ನ 1ರ ಉಬ್ಬರದಲ್ಲಿ ಡುಂಗಿ ಹತ್ತಿ ಬರಬಹುದು. ಉಬ್ಬರದ ಪಟ್ಟಿಯನ್ನು ಸರ್ವೆ ಆಫ್ ಇಂಡಿಯಾ ಪ್ರಕಟಿಸುತ್ತದೆ. ಅದರಲ್ಲಿ ಪೋರ್ಟ್ ಬ್ಲೇರ್ ಬಂದರಿನ ವೇಳೆ ನೋಡಿಕೊಂಡು, ಲಾಂಗ್ ಐಲ್ಯಾಂಡಿನ ಡುಂಗಿಯವರನ್ನು ಕೇಳಿ ಖಚಿತ ಮಾಡಿಕೊಳ್ಳಬೇಕು. ಅವರು ಬೇಡ ಎಂದ ದಿನ ಹೆಚ್ಚು ಹಣ ಕೊಟ್ಟು ಒಪ್ಪಿಸುವುದು ಬೇಡವೇ ಬೇಡ.

ಡುಂಗಿಗೆ ಹತ್ತುವ ಮೊದಲು ಎಲ್ಲರಿಗೂ ಜೀವರಕ್ಷಕ ಜಾಕೆಟ್ ಇದೆಯೇ ಎಂದು ಎಣಿಸಿ, ತೊಟ್ಟು, ಪಟ್ಟಿ ಬಿಗಿದುಕೊಳ್ಳಬೇಕು. 2014ರ ಜನವರಿ 26ರಂದು ಪೋರ್ಟ್ ಬ್ಲೇರ್ ಸಮೀಪ ಪ್ರವಾಸಿ ದೋಣಿ ಮಗುಚಿ 21 ಜನ ಸತ್ತರು. ಅದರಲ್ಲಿ ಮಿತಿಗಿಂತ ಎಷ್ಟೋ ಹೆಚ್ಚು ಜನರಿದ್ದರು. ಬಿಟ್ಟುಹೋಗುವ ಡುಂಗಿಯಾದರೆ ವಾಪಸು ಬರುವ ಗಂಟೆಯನ್ನು ಬಾಯಿಮಾತಿನಲ್ಲಿ ಬಿಡದೆ ಬರೆದುಕೊಟ್ಟು, ಅರ್ಧ ಬಾಡಿಗೆ ಬಂದ ಮೇಲೆ ಕೊಡುವುದು ಒಳ್ಳೆಯದು. ಫೋನ್ ನೆಚ್ಚಬೇಡಿ. 2020ರಲ್ಲಿ ಚೆನ್ನೈನಿಂದ ಸಮುದ್ರದಡಿ ಬಂದ ಕೇಬಲ್ ಲಾಂಗ್ ಐಲ್ಯಾಂಡಿಗೂ ಮುಟ್ಟಿದೆ, ನಿಜ. ಆದರೆ ಕಾಡಿನ ಆಚೆಯ ಕೊಲ್ಲಿಯಲ್ಲಿ ಸಿಗ್ನಲ್ ಸಿಗುತ್ತದೆಂದು ಯೋಜನೆ ಹಾಕಬಾರದು. ಅರಣ್ಯ ಇಲಾಖೆಯ ಅನುಮತಿ ಪಡೆಯುವಾಗ ಎಷ್ಟು ಜನ, ಎಷ್ಟು ಹೊತ್ತಿಗೆ ಮರಳುತ್ತೇವೆ ಎಂದು ಅಲ್ಲಿಯೂ, ತಂಗಿದ ಮನೆಯಲ್ಲಿಯೂ ಹೇಳಿ ಹೋಗಬೇಕು. ಕಾಡಿನ ದಾರಿಗೆ ಹಳ್ಳಿಯ ಒಬ್ಬರನ್ನು ಕರೆದುಕೊಳ್ಳುವುದು ಕ್ಷೇಮ. ಬಿದ್ದ ಮರ ಸುತ್ತಿ ಹೋಗುವಾಗಲೇ ಹೊಸಬರು ದಾರಿ ತಪ್ಪುವುದು.

ನೀರಿಗಿಳಿಯುವ ಜಾಗದ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಅಂಡಮಾನಿನಲ್ಲಿರುವುದು ಉಪ್ಪುನೀರಿನ ಮೊಸಳೆ. ಅದು ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಹಿನ್ನೀರಿನಲ್ಲಿದ್ದು ಸಮುದ್ರವನ್ನೂ ಈಜಿ ದಾಟುತ್ತದೆ. 2010ರ ಏಪ್ರಿಲ್‌ನಲ್ಲಿ ಹ್ಯಾವ್‌ಲಾಕ್‌ನ ರಾಧಾನಗರ ದಂಡೆಯ ಪಕ್ಕದ ನೀಲ್ಸ್ ಕೋವ್‌ನಲ್ಲಿ ಸ್ನಾರ್ಕೆಲಿಂಗ್ ಮಾಡುತ್ತಿದ್ದ ಅಮೆರಿಕದ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾದರು. ತಿಳಿನೀರಿನ, ಹೆಸರುವಾಸಿ ಜಾಗದಲ್ಲೇ ಹೀಗಾಯಿತು. ಹಳ್ಳ ಬಂದು ಸೇರುವ ಅಳಿವೆಯ ಬಾಯಿ, ಕಾಂಡ್ಲಾ ಗಿಡಗಳ ಅಂಚು, ಕದಡಿದ ನೀರು, ಸಂಜೆ ಮತ್ತು ನಸುಕು ಇವಿಷ್ಟನ್ನು ಬಿಡಲೇಬೇಕು. ದಂಡೆಯಲ್ಲಿ ಮೀನು ತೊಳೆದು ತಲೆ, ಕರುಳು ಎಸೆಯುವುದೂ ಕೂಡದು.

ಮೊಸಳೆ ಎಲ್ಲರಿಗೂ ಎದುರಾಗದು, ಮರಳುನೊಣ ಮಾತ್ರ ಬಹುತೇಕ ಎಲ್ಲರನ್ನೂ ಕಚ್ಚುತ್ತದೆ. ಕಚ್ಚಿದ್ದು ಆಗ ತಿಳಿಯುವುದಿಲ್ಲ, ಮರುದಿನ ಕೆಂಪು ಗಂಟೆದ್ದು ವಾರಗಟ್ಟಲೆ ತುರಿಕೆ. ಕೆರೆದರೆ ಆ ತೇವದ ಹವೆಯಲ್ಲಿ ಹುಣ್ಣಾಗಿ ಕೀವು ತುಂಬುತ್ತದೆ. ಒಣ ಮರಳಿನ ಮೇಲೆ ಬರಿಮೈಯಲ್ಲಿ ಮಲಗದೆ ದಪ್ಪ ಚಾಪೆ ಹಾಸಿ, ಪೂರ್ಣ ತೋಳಿನ ಅಂಗಿ ತೊಟ್ಟು, ಕಾಲಿಗೆ ಕೊಬ್ಬರಿ ಎಣ್ಣೆ ದಪ್ಪಗೆ ಹಚ್ಚಿದರೆ ಕಡಿಮೆಯಾಗುತ್ತದೆ. ಕಾಡಿನಲ್ಲಿ ಕಳಚಿಟ್ಟ ಬೂಟಿನೊಳಗೆ ಜರಿ ಸೇರಿರಬಹುದು, ಕೊಡವಿ ಹಾಕಿಕೊಳ್ಳಿ.

ಜೊತೆಗೆ ಒಯ್ಯಬೇಕಾದದ್ದು ಇಷ್ಟು: ತಲೆಗೆ 3 ಲೀಟರ್ ಕುಡಿಯುವ ನೀರು, ಉಪ್ಪು-ಸಕ್ಕರೆಯ ಪೊಟ್ಟಣ, ಒದ್ದೆಯಾಗಬಹುದಾದ ಗಟ್ಟಿ ಅಡಿಯ ಬೂಟು, ಹಣೆಗೆ ಕಟ್ಟುವ ಟಾರ್ಚ್, ಸೀಟಿ, ತುರಿಕೆಗೆ ವೈದ್ಯರು ಹೇಳಿದ ಮಾತ್ರೆ, ಸಣ್ಣ ಬಾಟಲಿ ವಿನೆಗರ್, ಒಂದು ಫ್ಲಾಸ್ಕ್ ಬಿಸಿನೀರು. ಬಿಸಿನೀರು ಚಹಾಕ್ಕಷ್ಟೇ ಅಲ್ಲ. ಹವಳದ ನಡುವೆ ಕಲ್ಲಿನಂತೆಯೇ ಬಿದ್ದಿರುವ ಕಲ್ಲುಮೀನಿನ ಮುಳ್ಳು ಚುಚ್ಚಿದರೆ, ಚರ್ಮ ಸುಡದಷ್ಟು, ತಡೆಯಬಲ್ಲಷ್ಟು ಬಿಸಿ ನೀರಿನಲ್ಲಿ ಕಾಲಿಟ್ಟರೆ ನೋವು ತಗ್ಗುತ್ತದೆ. ಆಮೇಲೆ ತಡಮಾಡದೆ ವೈದ್ಯರ ಬಳಿ ಹೋಗಬೇಕು.

ತಲುಪುವ ದಾರಿಯನ್ನು ಚಿಕ್ಕದಾಗಿ ಹೇಳುತ್ತೇನೆ. 2024ರಿಂದ ಶ್ರೀ ವಿಜಯಪುರಂ ಎಂದು ಹೆಸರಾದ ಪೋರ್ಟ್ ಬ್ಲೇರ್‌ನಿಂದ ಸರ್ಕಾರಿ ಹಡಗು ವಾರದಲ್ಲಿ ಕೆಲವು ದಿನ ಮಾತ್ರ. ಇಲ್ಲವಾದರೆ ನಸುಕಿನಲ್ಲೇ ಹೊರಟು ಜಿರ್ಕಾಟಾಂಗ್‌ನಲ್ಲಿ ಕಾವಲಿನ ವಾಹನಸಾಲು ಸೇರಿ, ಬಾರಾಟಾಂಗ್ ಮೂಲಕ ರಂಗತ್, ಅಲ್ಲಿಂದ ಯೆರಟ್ಟಾ ಜೆಟ್ಟಿ, ಆಮೇಲೆ ಸುಮಾರು ಒಂದು ಗಂಟೆ ದೋಣಿ. ದಾರಿ ಜಾರವಾ ಎಂಬ ಆದಿವಾಸಿ ಜನರ ಮೀಸಲು ಕಾಡಿನೊಳಗೆ ಹಾಯುತ್ತದೆ. ಅಲ್ಲಿ ಗಾಡಿ ನಿಲ್ಲಿಸುವುದು, ಅವರ ಫೋಟೋ ತೆಗೆಯುವುದು, ತಿಂಡಿ ಕೊಡುವುದು ಅಪರಾಧ. ಕಾನೂನು ಇರದಿದ್ದರೂ ಮನುಷ್ಯರನ್ನು ನೋಟದ ವಸ್ತು ಮಾಡುವ ಆ ಕೆಲಸ ತಪ್ಪೇ. ಹವಳದ ತುಂಡು ಸತ್ತದ್ದಾದರೂ ಜೇಬಿಗೆ ಹಾಕಬಾರದು. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ.

ತಿಂಗಳು ಯಾವುದು ಎಂದು ಕೇಳುವವರಿಗೆ ಫೆಬ್ರವರಿಯಿಂದ ಏಪ್ರಿಲ್ ಮೊದಲ ಭಾಗ ಎನ್ನುತ್ತೇನೆ. ಆಗ ಸಮುದ್ರ ಶಾಂತ. ಕ್ರಿಸ್‌ಮಸ್ ರಜೆಗೆ ಹೋಗುವವರೇ ಹೆಚ್ಚು, ಆದರೆ ಡಿಸೆಂಬರ್‌ನಲ್ಲಿ ಬಂಗಾಳಕೊಲ್ಲಿಯ ಚಂಡಮಾರುತದ ಕಾಲ ಮುಗಿದಿರುವುದಿಲ್ಲ. 2016ರ ಡಿಸೆಂಬರ್ ಮೊದಲ ಭಾಗದಲ್ಲಿ ಹ್ಯಾವ್‌ಲಾಕ್ ಮತ್ತು ನೀಲ್ ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಕೊಂಡು, ನೌಕಾಪಡೆಯ ಹಡಗುಗಳು ಹೋಗಬೇಕಾಯಿತು. ಲಾಂಗ್ ಐಲ್ಯಾಂಡಿನಿಂದ ಹೊರಡುವ ದಿನಕ್ಕೂ ಬೆಂಗಳೂರಿನ ವಿಮಾನಕ್ಕೂ ನಡುವೆ ಎರಡು ದಿನ ಖಾಲಿ ಇಡಿ. ಗಾಳಿ ಎದ್ದರೆ ಮೊದಲು ನಿಲ್ಲುವುದು ದೋಣಿ.

ಇಂಥ ಲೇಖನಗಳ ಕೊನೆಗೆ ನಾಲ್ಕು ಸಾಲಿನ ಒಂದು ಚೌಕಟ್ಟು ಹಾಕಿ ಎಂದು ಸಂಪಾದಕರಲ್ಲಿ ಕೋರುತ್ತೇನೆ: ಆ ತಿಂಗಳ ಸೂರ್ಯಾಸ್ತದ ವೇಳೆ, ಉಬ್ಬರದ ಪಟ್ಟಿ ಸಿಗುವ ಜಾಗ, ಅನುಮತಿ ಕೊಡುವ ಕಚೇರಿ, ಹತ್ತಿರದ ಆಸ್ಪತ್ರೆ. ಚಿತ್ರವನ್ನು ಒಂದಂಗುಲ ಕಿರಿದು ಮಾಡಿದರೆ ಇವಿಷ್ಟಕ್ಕೂ ಜಾಗ ಸಿಗುತ್ತದೆ.

– ನಿಮ್ಮ ಓದುಗ, ಕುಮಟಾ