ಒಡೆದ ನೀಲಿ ಕಣ್ಣಿನ ವಿಚಾರ

ಹಾಸನ
ಕಾರ್ತಿಕ ಬಹುಳ ಪಂಚಮಿ

ಚಿ|| ಸೌ|| ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಇತ್ತ ನಾನು ಕ್ಷೇಮ. ಅತ್ತ ನೀನು, ಅಳಿಯಂದಿರು, ನಿನ್ನ ಅತ್ತೆ ಮಾವ, ಎಲ್ಲರಿಗಿಂತ ಮೊದಲು ಪಾಪು, ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ.

ಮೊನ್ನೆ ರಾತ್ರಿ ಫೋನಿನಲ್ಲಿ, ತೊಟ್ಟಿಲ ಮೇಲೆ ತೂಗುಹಾಕಿದ್ದ ಗಾಜಿನ ನೀಲಿ ಕಣ್ಣು ತಾನಾಗಿಯೇ ಎರಡು ಹೋಳಾಗಿ ಬಿದ್ದ ಸಂಗತಿಯನ್ನು ಹೇಳುವಾಗ ನಿನ್ನ ದನಿ ನಡುಗುತ್ತಿತ್ತು. "ಏನೂ ಆಗುವುದಿಲ್ಲ, ಮಲಗಿಕೋ" ಎಂದು ಹೇಳಿ ನಾನು ಫೋನ್ ಇಟ್ಟೆನಾದರೂ, ಅದು ಮಾತು ಮುಗಿಸುವ ಉಪಾಯವೇ ಹೊರತು ಉತ್ತರವಲ್ಲವೆಂದು ಆಮೇಲೆ ನನಗೇ ಅನ್ನಿಸಿತು. ಆದ್ದರಿಂದ ಸಾವಕಾಶವಾಗಿ ಬರೆಯುತ್ತಿದ್ದೇನೆ. ಪಾಪು ಮಲಗಿದ ಮೇಲೆ ಓದು.

ಶಕುನದ ವಿಚಾರಕ್ಕೆ ಮುಂಚೆ ಪೊರಕೆಯ ವಿಚಾರ. ಗಾಜು ಒಡೆದರೆ ಕಣ್ಣಿಗೆ ಕಾಣುವ ಎರಡು ಹೋಳುಗಳ ಜೊತೆಗೆ ಕಾಣದ ಹತ್ತಾರು ಚೂರುಗಳಿರುತ್ತವೆ. ತೊಟ್ಟಿಲಿನ ಹಾಸಿಗೆ, ಹೊದಿಕೆಗಳನ್ನು ಹೊರಗೆ ಒಯ್ದು ಕೊಡವು. ನೆಲದ ಮೇಲೆ ಮೊಬೈಲಿನ ಬೆಳಕನ್ನು ಅಡ್ಡಡ್ಡಲಾಗಿ ಹಿಡಿದರೆ ಚೂರುಗಳು ಮಿನುಗುತ್ತವೆ. ಕಲಸಿದ ಚಪಾತಿ ಹಿಟ್ಟಿನ ಉಂಡೆಯೊಂದನ್ನು ಅಲ್ಲೆಲ್ಲ ಒತ್ತುತ್ತ ಹೋದರೆ ಅವೆಲ್ಲ ಅದಕ್ಕೆ ಅಂಟಿಕೊಳ್ಳುತ್ತವೆ. ಮೂವತ್ತು ವರ್ಷ ಶಾಲೆಯ ಪ್ರಯೋಗಾಲಯದಲ್ಲಿ ಮಕ್ಕಳು ಒಡೆದ ಗಾಜನ್ನು ನಾನು ಹೀಗೆಯೇ ತೆಗೆಸುತ್ತಿದ್ದೆ. ಇದಿಷ್ಟು ಆಗಿದ್ದರೆ ಮುಂದೆ ಓದು, ಆಗಿಲ್ಲದಿದ್ದರೆ ಕಾಗದ ಇಟ್ಟು ಎದ್ದು ಹೋಗಿ ಅದನ್ನು ಮಾಡಿ ಬಾ.

ಆ ಕಣ್ಣು ನಿನ್ನ ಗೆಳತಿ ಇಸ್ತಾಂಬುಲಿನಿಂದ ತಂದುಕೊಟ್ಟದ್ದು. ಅದು ಒಡೆದರೆ ಏನರ್ಥ ಎಂಬುದನ್ನು ಅದನ್ನು ತಲೆತಲಾಂತರದಿಂದ ಕಟ್ಟಿಕೊಂಡು ಬಂದವರ ನಂಬಿಕೆಯಿಂದಲೇ ತಿಳಿಯುವುದು ನ್ಯಾಯ. ಟರ್ಕಿಯಲ್ಲಿ ಅದಕ್ಕೆ ನಜರ್ ಬೊಂಜುಕ್ ಎನ್ನುತ್ತಾರೆ. ಬೊಂಜುಕ್ ಎಂದರೆ ಮಣಿ. ನಜರ್ ಎಂಬುದು ಅರಬ್ಬೀ ಮೂಲದ ಮಾತು. ನಮ್ಮ ಕಡೆಯೂ "ಅವನ ಮೇಲೆ ಒಂದು ನಜರು ಇಟ್ಟಿರು" ಎನ್ನುತ್ತಾರಲ್ಲ, ಅದೇ. ಆ ಮಣಿ ಬಿರುಕು ಬಿಟ್ಟರೆ ಅಥವಾ ಒಡೆದರೆ ಅವರು ಹೆದರುವುದಿಲ್ಲ. ಮಗುವಿನ ಮೇಲೆ ಬೀಳಬೇಕಾಗಿದ್ದ ಕೆಟ್ಟ ನೋಟವನ್ನು ತಾನು ತೆಗೆದುಕೊಂಡಿತು, ಅದರ ಕೆಲಸ ತೀರಿತು ಎಂದು ತಿಳಿದು, ಒಡೆದದ್ದನ್ನು ಎಸೆದು ಬೇರೊಂದನ್ನು ಕಟ್ಟುತ್ತಾರೆ. ಅಂದರೆ ಅವರ ಲೆಕ್ಕದಲ್ಲಿ ಅದು ಮುಂದೆ ಬರಲಿರುವ ಕೇಡಿನ ಸೂಚನೆಯಲ್ಲ, ಬಂದದ್ದು ಹಾದುಹೋಯಿತೆಂಬ ರಸೀತಿ. ನೀನು ಆ ವಸ್ತುವನ್ನು ಅವರಿಂದ ತೆಗೆದುಕೊಂಡು, ಹೆದರಿಕೆಯನ್ನು ಮಾತ್ರ ಬೇರೆ ಕಡೆಯಿಂದ ಕಡ ತಂದಿದ್ದೀಯೆ.

ಆ ಹೆದರಿಕೆ ಎಲ್ಲಿಂದ ಬಂದಿತೆಂಬುದೂ ನನಗೆ ಗೊತ್ತು. ಕನ್ನಡಿ ಒಡೆದರೆ, ದೇವರ ಪಟ ಬಿದ್ದರೆ ಅಪಶಕುನವೆಂಬ ಭಾವನೆ ನಮ್ಮ ಮನೆಗಳಲ್ಲಿದೆ, ನಿನ್ನ ಅತ್ತೆಯವರು ಈ ಗಾಜಿನ ಕಣ್ಣನ್ನೂ ಅದೇ ಸಾಲಿಗೆ ಸೇರಿಸಿದ್ದಾರೆ. ಅವರ ಎದುರು ವಾದಕ್ಕೆ ನಿಲ್ಲಬೇಡ. ಆದರೆ ದೃಷ್ಟಿಗೆಂದು ನಾವೇ ಕಟ್ಟುವ ವಸ್ತುಗಳನ್ನು ಒಂದೊಂದಾಗಿ ನೆನೆಸಿಕೊಂಡು ನೋಡು. ಗಣಪತಿಯ ಮುಂದೆ ಈಡುಗಾಯಿಯನ್ನು ಚೂರುಚೂರಾಗಲಿ ಎಂದೇ ಒಡೆಯುತ್ತೇವೆ. ಹೊಸ ಗಾಡಿಯ ಚಕ್ರದ ಕೆಳಗೆ ನಿಂಬೆಹಣ್ಣನ್ನು ಇಡುವುದು ಅದು ಅಪ್ಪಚ್ಚಿಯಾಗಲೆಂದೇ. ಆಯುಧಪೂಜೆಯ ದಿನ ಬೂದುಗುಂಬಳಕಾಯಿಗೆ ಕುಂಕುಮ ತುಂಬಿ ನಡುರಸ್ತೆಯಲ್ಲಿ ಒಡೆಯುತ್ತಾರೆ (ಅದರ ಮೇಲೆ ಸ್ಕೂಟರು ಜಾರಿ ಬಿದ್ದವರ ದೃಷ್ಟಿಯನ್ನು ಯಾರು ತೆಗೆಯಬೇಕೋ ಕಾಣೆ). ಬಾಗಿಲ ಮೇಲೆ ಕಟ್ಟಿದ ಬೂದುಗುಂಬಳ ಕೊಳೆತು ನೀರು ಸೋರತೊಡಗಿದರೆ, "ಎಷ್ಟು ದೃಷ್ಟಿ ಹೀರಿಕೊಂಡಿದೆ ನೋಡಿ" ಎಂದು ಅದನ್ನು ಇಳಿಸಿ, ಅಮಾವಾಸ್ಯೆಗೆ ಬೇರೊಂದನ್ನು ಕಟ್ಟುತ್ತಾರೆಯೇ ಹೊರತು ಮನೆಯವರು ಯಾರೂ ಅಳುವುದಿಲ್ಲ. ದೃಷ್ಟಿಯ ವಸ್ತು ಕೆಡುವುದಕ್ಕೆಂದೇ ಇರುವುದು.

ಇನ್ನು ನಮ್ಮ ಹಿರಿಯ ಹೆಂಗಸರ ಭಾಷೆಯನ್ನೇ ಗಮನಿಸು. ಗಾಜಿನ ಬಳೆ ಒಡೆದರೆ ನಿನ್ನ ಅಜ್ಜಿ ಎಂದೂ "ಒಡೆಯಿತು" ಎಂದವರಲ್ಲ, "ಬಳೆ ಹೆಚ್ಚಿತು" ಎನ್ನುತ್ತಿದ್ದರು. ದೀಪ ಆರಿದರೆ "ದೊಡ್ಡದಾಯಿತು" ಎನ್ನುತ್ತಿದ್ದರು. ಒಡೆಯುವುದು, ಆರುವುದು ಸಂಸಾರದಲ್ಲಿ ನಿತ್ಯ ನಡೆಯುವಂಥದ್ದಾದ್ದರಿಂದ, ಪ್ರತಿಸಲವೂ ಎದೆ ಒಡೆದುಕೊಳ್ಳದಂತೆ ಮಾತಿನಲ್ಲೇ ಅದಕ್ಕೊಂದು ಮೆತ್ತೆ ಹಾಸಿಟ್ಟಿದ್ದರು. ನೀನೂ ನಿನ್ನ ಅತ್ತೆಯವರಿಗೆ "ನೀಲಿ ಕಣ್ಣು ಹೆಚ್ಚಿತು" ಎಂದು ಹೇಳಿಬಿಡು, ಅವರಿಗೆ ಆ ಭಾಷೆ ಅರ್ಥವಾಗುತ್ತದೆ.

ಆದರೂ "ಯಾರೂ ಮುಟ್ಟದೆ ಅದು ಹೇಗೆ ಒಡೆಯಿತು ದೊಡ್ಡಮ್ಮ?" ಎಂದು ನೀನು ಕೇಳಿದೆಯಲ್ಲ, ಅದಕ್ಕೆ ಉತ್ತರ ಕೊಡುವುದು ಮೇಷ್ಟರಾಗಿದ್ದವಳ ಕರ್ತವ್ಯ. ಟರ್ಕಿಯ ಇಜ್ಮಿರ್ ನಗರದ ಹತ್ತಿರ ಗೋರೆಜೆ, ನಜರ್‌ಕೊಯ್ ಎಂಬ ಹಳ್ಳಿಗಳಲ್ಲಿ ಈ ಮಣಿಗಳನ್ನು ಕುಲುಮೆಯ ಮುಂದೆ ಕುಳಿತು ಕೈಯಿಂದಲೇ ಮಾಡುತ್ತಾರೆ. ಕಬ್ಬಿಣದ ಸರಳಿನ ತುದಿಗೆ ಕರಗಿದ ಕಡುನೀಲಿ ಗಾಜನ್ನು ಸುತ್ತಿಕೊಂಡು, ಅದರ ಮೇಲೆ ಬಿಳಿಯ ಗಾಜಿನ ಬೊಟ್ಟು, ಅದರ ಮೇಲೆ ತಿಳಿನೀಲಿ, ನಡುವೆ ಕಪ್ಪು ಗುಡ್ಡೆ, ಹೀಗೆ ಒಂದರ ಮೇಲೊಂದನ್ನು ಬಿಸಿಯಿರುವಾಗಲೇ ಒತ್ತಿ ಕೂರಿಸುತ್ತಾರೆ. ಗಾಜು ತಣಿಯುವಾಗ ಹೊರಮೈ ಮೊದಲು ಗಟ್ಟಿಯಾಗುತ್ತದೆ. ಒಳಗಿನದು ಆಮೇಲೆ ಕುಗ್ಗಲು ಹೋಗಿ ಹೊರಗಿನದನ್ನು ಎಳೆಯುತ್ತದೆ. ಇದಲ್ಲದೆ ಬಣ್ಣಬಣ್ಣದ ಗಾಜುಗಳು ಒಂದೇ ಪ್ರಮಾಣದಲ್ಲಿ ಕುಗ್ಗದಿದ್ದರೆ ಅವು ಕೂಡಿದ ಅಂಚಿನಲ್ಲಿ ಜಗ್ಗಾಟ ಉಳಿದುಬಿಡುತ್ತದೆ. ಕಾವನ್ನು ನಿಧಾನವಾಗಿ, ಹದವಾಗಿ ಆರಿಸಿದರೆ ಈ ಎಳೆತ ಸಡಿಲಗೊಳ್ಳುತ್ತದೆ. ಅವಸರದಲ್ಲಿ ತಣಿಸಿದ ಮಣಿಯಲ್ಲಾದರೆ ಅದು ತಿಂಗಳುಗಟ್ಟಲೆ ಒಳಗೇ ಅಡಗಿದ್ದು, ದಾರ ಉಜ್ಜಿದ ಒಂದು ಗೀರಿಗೋ, ಬೆಳಗಿನ ಚಳಿಯ ಹಿಂದೆಯೇ ಕಿಟಕಿಯಿಂದ ಬಿದ್ದ ಬಿಸಿಲಿಗೋ, ಯಾರೂ ಮುಟ್ಟದ ಹೊತ್ತಿನಲ್ಲಿ ಹೊರಬೀಳುತ್ತದೆ. ನಿನ್ನ ತೊಟ್ಟಿಲಿರುವುದು ಪೂರ್ವದ ಕಿಟಕಿಯ ಪಕ್ಕದಲ್ಲಲ್ಲವೇ? ನಮ್ಮ ಶಾಲೆಯಲ್ಲೂ ಕಾಯಿಸಿದ ಬೀಕರನ್ನು ಒದ್ದೆ ಕಲ್ಲಿನ ಮೇಲಿಟ್ಟರೆ ಕೆಲವು ಆಗಲೇ ಸೀಳುತ್ತಿದ್ದವು. ಕೆಲವು ಸುಮ್ಮನಿದ್ದು ಮಾರನೆಯ ದಿನ ಬೀರು ತೆಗೆಯುವಾಗ ಎರಡಾಗಿರುತ್ತಿದ್ದವು, ಮಕ್ಕಳು ಬೀರುವಿನಲ್ಲಿ ದೆವ್ವವಿದೆ ಎನ್ನುತ್ತಿದ್ದರು.

ನೀನು ಆರು ವರ್ಷದವಳಿದ್ದಾಗ ನಿನ್ನನ್ನು ಬೇಲೂರು ರಸ್ತೆಯ ದೊಡ್ಡಗದ್ದವಳ್ಳಿಗೆ ಕರೆದುಕೊಂಡು ಹೋಗಿದ್ದು ನೆನಪಿದೆಯೇ? ಕಾಳಿಯ ಗುಡಿಯ ಬಾಗಿಲಲ್ಲಿ ಕಾವಲು ನಿಂತ ಬೇತಾಳಗಳನ್ನು ಕಂಡು ಕಿಟಾರನೆ ಕಿರುಚಿ ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದೆ. ಹೊಯ್ಸಳರ ಕಾಲದಿಂದ ಅಂಥ ಕಾವಲಿನೊಳಗೆ ಕುಳಿತಿದ್ದ ಆ ಕಾಳಿಯ ಮೂರ್ತಿಯೇ 2020ರ ನವೆಂಬರಿನಲ್ಲಿ ಮುರಿದು ಬಿದ್ದಿತು. ಊರಿಗೆ ಏನು ಕಾದಿದೆಯೋ ಎಂದು ಇಲ್ಲಿ ನನ್ನ ಮುಂದೆಯೂ ಎಷ್ಟೋ ಜನ ಬಾಯಿ ಬಡಿದುಕೊಂಡರು. ಪುರಾತತ್ತ್ವ ಇಲಾಖೆಯವರು ತುಂಡುಗಳನ್ನು ಆರಿಸಿ ಜೋಡಿಸಿ ಮತ್ತೆ ನಿಲ್ಲಿಸಿದರು. ಕಾಯುವ ದೇವಿಯ ಕಲ್ಲಿಗೇ ಹೀಗಾಗುವುದಾದರೆ ಒಂದು ಗಾಜಿನ ಮಣಿಯ ಪಾಡೇನು?

ಈಗ ಈ ಕಾಗದ ಬರೆಯಲು ನಿಜವಾದ ಕಾರಣವಾದ ಮಾತಿಗೆ ಬರುತ್ತೇನೆ. ಫೋನಿನಲ್ಲಿ ನೀನು ಎರಡು ಸಲ, "ಹಿಂದಿನ ದಿನವಷ್ಟೇ ನಮ್ಮ ವಾರಗಿತ್ತಿ ಬಂದಿದ್ದರು, ಪಾಪುವನ್ನು ಬಹಳ ಹೊತ್ತು ನೋಡುತ್ತಿದ್ದರು" ಎಂದೆ. ಮೊದಲ ಸಲ ಅದು ಮಾತಿನ ನಡುವೆ ಬಂದದ್ದೆಂದುಕೊಂಡೆ. ಎರಡನೆಯ ಸಲ ನನ್ನ ಮೈ ಜುಮ್ಮೆಂದಿತು, ಏಕೆಂದರೆ ಇದೇ ಮಾತನ್ನು ಇದೇ ದನಿಯಲ್ಲಿ ನಾನು ಒಂಬತ್ತು ವರ್ಷದವಳಿದ್ದಾಗ ಕೇಳಿದ್ದೆ.

ಆಲೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಆಗ ತಾನೇ ಹೊಸ ಮನೆ ಕಟ್ಟಿದ್ದರು. ಜಗಲಿಯ ತೊಲೆಗೆ ನಿನ್ನ ಅಜ್ಜಿ ಮಸಿ ಬಳಿದು ಸುಣ್ಣದ ಬೊಟ್ಟುಗಳನ್ನಿಟ್ಟ ದೃಷ್ಟಿಮಡಕೆಯನ್ನು ಕಟ್ಟಿದ್ದರು. ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ನಾನು ಜಗಲಿಯ ಪಕ್ಕದ ಸೀಬೆಮರಕ್ಕೆ ಕಲ್ಲು ಬೀರುತ್ತಿದ್ದೆ. ಒಂದು ಕಲ್ಲು ಗುರಿ ತಪ್ಪಿ ಮಡಕೆಗೆ ತಗುಲಿತು. ಟಪ್ಪೆಂದು ಸಣ್ಣ ಸದ್ದಾಯಿತು, ಕಂಠದಿಂದ ದೊಡ್ಡ ಬೊಟ್ಟಿನವರೆಗೆ ಕೂದಲೆಳೆಯಂಥ ಬಿರುಕು ಮೂಡಿತು, ಆದರೆ ಮಡಕೆ ಬೀಳಲಿಲ್ಲ. ನಾನು ಕೈಯಲ್ಲಿದ್ದ ಸೀಬೆಕಾಯಿಗಳನ್ನು ಲಂಗದಲ್ಲಿ ಕಟ್ಟಿಕೊಂಡು ಹಿತ್ತಿಲಿಗೆ ಓಡಿದೆ. ಸಂಜೆ ಪಕ್ಕದ ಮನೆಯ ಹೆಂಗಸೊಬ್ಬರು ಮಜ್ಜಿಗೆಗೆಂದು ಬಂದರು. ಗಂಡನನ್ನು ಕಳೆದುಕೊಂಡವರು, ಮಕ್ಕಳಿರಲಿಲ್ಲ. ಜಗಲಿಯ ಮೇಲೆ ನಿಂತು ತೊಲೆಗಳನ್ನು ನೋಡುತ್ತ, "ಅಕ್ಕಾ, ಮನೆ ಎಷ್ಟು ಲಕ್ಷಣವಾಗಿದೆ" ಎಂದರು. ಅವರು ಹೋಗಿ ಅರ್ಧ ಗಂಟೆಯೂ ಆಗಿರಲಿಲ್ಲ, ಮಡಕೆ ಎರಡಾಗಿ ಕೆಳಗೆ ಬಿತ್ತು. ಮುಂದಿನ ತಿಂಗಳು ನಿನ್ನ ಸೋದರಮಾವನಿಗೆ ವಿಷಮಶೀತ ಜ್ವರ ಬಂದಿತು. ಅಲ್ಲಿಗೆ ತೀರ್ಪು ಆಗಿಹೋಯಿತು. ಅಂದಿನಿಂದ ಆಕೆಯನ್ನು ನಮ್ಮ ಮನೆಯ ಆರತಿ, ಅಕ್ಷತೆ ಯಾವುದಕ್ಕೂ ಕರೆಯಲಿಲ್ಲ. ಆಕೆ ಬರುವುದು ಕಂಡರೆ ಮಕ್ಕಳನ್ನು ಒಳಗೆ ಕರೆಯುತ್ತಿದ್ದರು, ಕರೆಸಿಕೊಂಡು ಓಡುತ್ತಿದ್ದವರಲ್ಲಿ ನಾನೂ ಒಬ್ಬಳು. ಆಕೆಗೆ ಕಾರಣವನ್ನು ಯಾರೂ ಹೇಳಲಿಲ್ಲ. ನಾನು ಹೇಳಬಹುದಾಗಿತ್ತು, ಏಟು ಬೀಳುವ ಭಯಕ್ಕೆ ಹೇಳಲಿಲ್ಲ, ಆಮೇಲೆ ನಾಚಿಕೆಗೆ ಹೇಳಲಿಲ್ಲ. ಆಕೆ ತೀರಿಕೊಂಡ ಮೇಲೆ, ನಾನು ಕೆಲಸಕ್ಕೆ ಸೇರಿದ ವರ್ಷ, ಅಮ್ಮನ ಎದುರು ಕುಳಿತು ಎಲ್ಲವನ್ನೂ ಹೇಳಿದೆ. ಅಮ್ಮ ಅಕ್ಕಿ ಆರಿಸುತ್ತಿದ್ದರು. ಮೊರದಿಂದ ತಲೆ ಎತ್ತದೆ, "ಇರಬಹುದು, ಆದರೂ ಅವಳು ನೋಡಿದ್ದಂತೂ ನಿಜ" ಎಂದರು.

ಅಮ್ಮ ಕೆಟ್ಟವರಾಗಿರಲಿಲ್ಲ ಪುಟ್ಟಿ. ನಿನ್ನನ್ನು ಎತ್ತಿ ಆಡಿಸಿದವರು ಅವರೇ. ಆದರೆ ಒಮ್ಮೆ "ಯಾರ ಕಣ್ಣು?" ಎಂದು ಕೇಳಿಕೊಂಡರೆ ಮನಸ್ಸು ಒಂದು ಹೆಸರನ್ನು ಹುಡುಕಿಯೇ ತೀರುತ್ತದೆ, ಹುಡುಕಿದ ಮೇಲೆ ಯಾವ ಸತ್ಯ ಬಂದರೂ ಅದನ್ನು ಬಿಟ್ಟುಕೊಡುವುದಿಲ್ಲ. ಆ ಹೆಸರು ಸಾಮಾನ್ಯವಾಗಿ ಯಾರದ್ದಾಗಿರುತ್ತದೆಂದು ನೀನೇ ಯೋಚಿಸು. ಮಕ್ಕಳಿಲ್ಲದವರು, ಗಂಡನಿಲ್ಲದವರು, ಇಲ್ಲದೆ ಕೇಳಲು ಬಂದವರು. ಕೈಯಲ್ಲಿ ಎಲ್ಲ ಇರುವವರ ಕಣ್ಣು ಬಿದ್ದಿತೆಂದು ಹೇಳಿದವರನ್ನು ನಾನು ಇದುವರೆಗೆ ಕಂಡಿಲ್ಲ.

ಆದ್ದರಿಂದ ನಂಬಬೇಡವೆಂದು ನಾನು ಹೇಳುತ್ತಿಲ್ಲ. ಕೆನ್ನೆಗೆ ಬೊಟ್ಟಿಡು, ಆದರೆ ಕಣ್ಣಿನೊಳಗೆ ಕಪ್ಪು ಹಚ್ಚಬೇಡ. ಅಂಗಡಿಯ ಕೆಲವು ಕಾಡಿಗೆ, ಸುರುಮಗಳಲ್ಲಿ ಸೀಸವಿರುತ್ತದೆ. ನಿನ್ನ ಅತ್ತೆಯವರು ಸಂಜೆ ಅರಿಶಿನ ಸುಣ್ಣ ಕಲಸಿದ ಕೆಂಪು ನೀರಿನಲ್ಲಿ ನಿವಾಳಿಸುತ್ತೇನೆಂದರೆ ಸಂತೋಷವಾಗಿ ಮಗುವನ್ನು ಎತ್ತಿಕೊಂಡು ಕುಳಿತುಕೋ. ಉಪ್ಪು, ಒಣಮೆಣಸಿನಕಾಯಿ ಇಳಿತೆಗೆದು ಒಲೆಗೆ ಹಾಕಿ, ಘಾಟು ಬರಲಿಲ್ಲ, ದೃಷ್ಟಿ ಬಹಳವಾಗಿದೆ ಎಂದರೆ, ಅಡುಗೆಮನೆಯ ಫ್ಯಾನು ಹಾಕಿದೆಯೇ ನೋಡಿಕೊಂಡು ಸುಮ್ಮನಿರು. ಮಗುವಿನ ಫೋಟೋ ಕಳಿಸುವಾಗ ಮುಖದ ಮೇಲೆ ಆ ನೀಲಿ ಕಣ್ಣಿನ ಎಮೋಜಿ ಅಂಟಿಸುತ್ತೀಯಲ್ಲ, ಅಂಟಿಸು. ನನಗೆ ಕಳಿಸುವುದಕ್ಕೆ ಮಾತ್ರ ಬೇಡ, ನನಗೆ ಮುಖ ಕಾಣಬೇಕು. ಹೊಸ ಮಣಿ ತಂದರೆ ತೊಟ್ಟಿಲಿಗಾಗಲಿ ಮಗುವಿನ ಕೊರಳಿಗಾಗಲಿ ಕಟ್ಟದೆ ಬಾಗಿಲ ಮೇಲೆ ಕಟ್ಟು. ದಾರ ಕುತ್ತಿಗೆಗೆ ಸುತ್ತಿಕೊಂಡರೆ, ಮಣಿ ಬಾಯಿಗೆ ಹೋದರೆ ಆಗುವ ಅಪಾಯಕ್ಕೆ ಯಾರ ಕಣ್ಣೂ ಬೇಕಾಗಿಲ್ಲ. ಜ್ವರ ಬಂದರೆ ಮೊದಲು ಡಾಕ್ಟರ ಬಳಿಗೆ ಹೋಗು. "ರಕ್ಷೆ ಒಡೆದಿದೆ, ವಿಶೇಷ ಪೂಜೆ ಮಾಡಿಸದಿದ್ದರೆ ಗಂಡಾಂತರ" ಎಂದು 11,000 ರೂಪಾಯಿ ಕೇಳಿದನೆಂದೆಯಲ್ಲ ಮೊಬೈಲಿನ ಜ್ಯೋತಿಷಿ, ಅವನಿಗೆ ಒಂದು ಪೈಸೆಯನ್ನೂ ಕಳಿಸಬೇಡ, ಅವನ ನಂಬರನ್ನು ಅಳಿಯಂದಿರ ಕೈಯಲ್ಲಿ ಬ್ಲಾಕ್ ಮಾಡಿಸು.

ಬರುವ ತಿಂಗಳು ಪಾಪುವಿನ ಅನ್ನಪ್ರಾಶನವೆಂದು ನಿನ್ನಮ್ಮ ಹೇಳಿದಳು. ನಿನ್ನ ವಾರಗಿತ್ತಿಗೆ ನೀನೇ ಫೋನ್ ಮಾಡಿ ಕರೆ, ವಾಟ್ಸಾಪಿನಲ್ಲಿ ಪತ್ರಿಕೆ ಕಳಿಸಿ ಕೈ ತೊಳೆದುಕೊಳ್ಳಬೇಡ. ಹಿಂದಿನ ದಿನವೇ ಬರಲು ಹೇಳು. ಪಾಯಸದ ಮೊದಲ ತುತ್ತು ಸೋದರಮಾವನದು, ಎರಡನೆಯದನ್ನು ಆಕೆಯ ಕೈಯಿಂದ ತಿನ್ನಿಸು, ಮಗುವನ್ನು ಆಕೆಯ ತೊಡೆಯ ಮೇಲೆ ಕೂರಿಸಿ ಆಕೆ ಎಷ್ಟು ಹೊತ್ತು ನೋಡುತ್ತಾರೋ ನೋಡಲಿ. ನಾನು ಬೆಳಗಿನ ರೈಲಿಗೆ ಹೊರಟು ಬರುತ್ತೇನೆ, ಕಾಫಿಪುಡಿ ತರುತ್ತೇನೆ. ಆಕೆಗೆ ಯಾವ ಬಣ್ಣದ ರವಿಕೆ ಕಣ ಒಪ್ಪುತ್ತದೆಂದು ಬರೆದು ತಿಳಿಸು.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಮ್ಮ