ಹನ್ನೆರಡು ರೂಪಾಯಿ ಕಾಯಿನ್ ಹನ್ನೆರಡಕ್ಕೆ ಯಾಕೆ ಸಿಗಲಿಲ್ಲ

ತಮ್ಮಾ,

ನಿನ್ನೆ ರಾತ್ರಿ ನೀನು ಕ್ರಿಪ್ಟೋ ಕಾಯಿನ್ ಕೊಂಡು ಕಳಿಸಿದ ಸ್ಕ್ರೀನ್‌ಶಾಟ್ ಬೆಳಗ್ಗೆ ಗಂಜ್ ಮಾರುಕಟ್ಟೆಗೆ ಬಂದ ಮೇಲೆ ನೋಡಿದೆ. "ಕಾಕಾ, ಹನ್ನೆರಡು ರೂಪಾಯಿ ಅಂತ ತೋರಿಸ್ತಿತ್ತು, ಕೊಂಡ ಮೇಲೆ ನೋಡಿದ್ರೆ 12.62 ಬಿದ್ದಿದೆ, ಆ್ಯಪ್‌ನವರು ಮೋಸ ಮಾಡಿದ್ರಾ?" ಅಂತ ಕೇಳಿದ್ದೀಯ. ಮೋಸ ಅಲ್ಲಪ್ಪ. ನೀನು ಮಾರ್ಕೆಟ್ ಆರ್ಡರ್ ಒತ್ತಿದ್ದೀಯ. ಫೋನಿನಲ್ಲಿ ಹೇಳಿದರೆ ಹೂಂ ಹೂಂ ಅಂದು ಬಿಡ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಇವತ್ತು ಅಡತಿ ಅಂಗಡಿಯಲ್ಲಿ ಕೆಲಸವೂ ಕಡಿಮೆ, ಹಮಾಲರೆಲ್ಲ ನೆರಳು ಹಿಡಿದು ಮಲಗಿದ್ದಾರೆ.

ಸ್ಕ್ರೀನ್ ಮೇಲೆ ದೊಡ್ಡದಾಗಿ ಕಾಣುವ ದರ ನಿನಗೆ ಸಿಗುವ ದರ ಅಲ್ಲ. ಯಾರೋ ಇಬ್ಬರ ನಡುವೆ ಈಗಷ್ಟೇ ಮುಗಿದ ವ್ಯವಹಾರದ ದರ ಅದು. ಪೇಪರಿನಲ್ಲಿ ತೊಗರಿ ರೇಟ್ ಬರುತ್ತದಲ್ಲ, ಹಾಗೆ. ಅದನ್ನು ಹಿಡಿದುಕೊಂಡು ಬಂದು ಇದೇ ರೇಟಿಗೆ ನೂರು ಚೀಲ ಕೊಡು ಅಂದರೆ ಯಾರೂ ಕೊಡಲ್ಲ.

ನಿನ್ನ ಎರಡನೇ ಫೋಟೋದಲ್ಲಿ ಆರ್ಡರ್ ಬುಕ್ ಇದೆ, ಯಾರು ಎಷ್ಟಕ್ಕೆ ಎಷ್ಟು ಮಾರ್ತಾರೆ, ಕೊಳ್ತಾರೆ ಅನ್ನುವ ಪಟ್ಟಿ, ಕೊಳ್ಳುವ ಮೊದಲು ತೆಗೆದದ್ದು ಅಂದೆಯಲ್ಲ. ಅದನ್ನು ನೀನು ತೆಗೆದೆಯೇ ಹೊರತು ಓದಲಿಲ್ಲ. ಮಾರುವವರ ಸಾಲು ನೋಡು. 12 ರೂಪಾಯಿಗೆ ಇದ್ದದ್ದು 200 ಕಾಯಿನ್ ಮಾತ್ರ. 12.10ಕ್ಕೆ 300. 12.60ಕ್ಕೆ 500. ಆಮೇಲೆ ಒಮ್ಮೆಲೇ 13.20. ನಿನಗೆ ಬೇಕಿದ್ದದ್ದು 1,500. ಮಾರ್ಕೆಟ್ ಆರ್ಡರ್ ಅಂದರೆ "ಯಾರ ಹತ್ತಿರ ಎಷ್ಟಕ್ಕೆ ಇದೆಯೋ ತೊಗೊಂಡು ಬಾ, ನನಗೆ ಈಗಲೇ ಬೇಕು" ಅಂತ. ಅದು ಹಾಗೇ ಮಾಡಿತು, ಒಂದೊಂದೇ ಮೆಟ್ಟಿಲು ಹತ್ತಿಕೊಂಡು ಹೋಗಿ ಕೊನೆಯ 500 ಅನ್ನು 13.20ಕ್ಕೆ ತಂದಿತು. ಒಟ್ಟು 18,930 ರೂಪಾಯಿ. ನೀನು ಮನಸ್ಸಿನಲ್ಲಿ ಹಾಕಿಕೊಂಡಿದ್ದ ಲೆಕ್ಕ 18,000. ಆ 930 ರೂಪಾಯಿಗೆ ಸ್ಲಿಪೇಜ್ ಅಂತಾರೆ. ಫೀ ಬೇರೆ.

ಕೊಳ್ಳುವವರ ಕಡೆಯೂ ನೋಡು, ಎಲ್ಲರಿಗಿಂತ ಮೇಲೆ ಇದ್ದದ್ದು 11.80. ಅಂದರೆ ಕೊಂಡ ಮರುಕ್ಷಣವೇ ಮನಸ್ಸು ಬದಲಾಗಿ ಮಾರಿದ್ದರೆ, ಎಲ್ಲವೂ 11.80ಕ್ಕೇ ಹೋಯಿತು ಅಂದುಕೊಂಡರೂ ಕೈಗೆ ಬರುವುದು 17,700. ದರ ಒಂದು ಪೈಸೆ ಬೀಳದೆ 1,230 ರೂಪಾಯಿ ಹೋಯಿತು. ಮೇಲೆ ಮಾರಿದ ಮೊತ್ತಕ್ಕೆ ಒಂದು ಪರ್ಸೆಂಟ್ ಟಿಡಿಎಸ್, 2022ರ ಜುಲೈಯಿಂದ ಇರುವುದು, ಲಾಭವಾಗಲಿ ನಷ್ಟವಾಗಲಿ ಹಿಡಿದುಕೊಳ್ಳುತ್ತಾರೆ. ಲಾಭ ಬಂದರೆ 30 ಪರ್ಸೆಂಟ್ ತೆರಿಗೆ, ಅದರ ಮೇಲೆ ಸೆಸ್. ಇಲ್ಲಿ ಕಳೆದುಕೊಂಡದ್ದನ್ನು ಇನ್ನೊಂದು ಕಾಯಿನ್‌ನ ಲಾಭದಲ್ಲಿ ಕಳೆಯೋಕೂ ಬಿಡಲ್ಲ. ಹಂಗಾಗಿ ಕೊಳ್ಳುವಾಗ ಬಿಟ್ಟ ರೂಪಾಯಿ ಬಿಟ್ಟ ಹಾಗೇ.

ಲಿಮಿಟ್ ಆರ್ಡರ್ ಅಂದರೆ ದರ ನೀನು ಬರೆಯುವುದು. 12.10 ಅಂತ ಬರೆದಿದ್ದರೆ ಮೊದಲ ಎರಡು ಸಾಲಿನ 500 ಕಾಯಿನ್ ಆ ಕ್ಷಣವೇ ಬರುತ್ತಿದ್ದವು, ಉಳಿದ ಸಾವಿರಕ್ಕೆ ನಿನ್ನ ಆರ್ಡರ್ ಕಾಯುತ್ತ ಕೂಡುತ್ತಿತ್ತು. ತುಂಬಾ ಜನ ಲಿಮಿಟ್ ಅಂದರೆ ದರ ಇಳಿಯಲಿ ಅಂತ ಕಾಯುವುದು ಅಂದುಕೊಂಡಿದ್ದಾರೆ, ಅದಷ್ಟೇ ಅಲ್ಲ. ಇದಕ್ಕಿಂತ ಮೇಲೆ ಒಂದು ಪೈಸೆ ಕೊಡಲ್ಲ ಅಂತ ಬೇಲಿ ಹಾಕಿಕೊಂಡು ಈಗಲೇ ಕೊಳ್ಳಲೂಬಹುದು. ನಾನು ಸಣ್ಣ ಕಾಯಿನ್‌ಗೆ ಯಾವಾಗಲೂ ಹೀಗೇ ಮಾಡುವುದು, ಅದೂ ಎರಡು ಮೂರು ಕಂತಿನಲ್ಲಿ.

ಗಂಜ್‌ನಲ್ಲಿ ಇದನ್ನು ದಿನಾ ನೋಡ್ತೇನೆ. ಜನವರಿಯಲ್ಲಿ ತೊಗರಿ ಬರುವಾಗ ಚಿತ್ತಾಪುರ ಕಡೆಯ ಒಬ್ಬರು ಚೀಲ ಇಳಿಸಿದ ಕೂಡಲೇ "ಎಷ್ಟಾರ ಆಗಲಿ, ಹಾಕಿಬಿಡ್ರಿ, ಬಸ್ಸಿಗೆ ಹೋಗಬೇಕು" ಅಂದರು. ಪಕ್ಕದಲ್ಲೇ ಇನ್ನೊಬ್ಬರು "ಎಂಟು ಸಾವಿರಕ್ಕಿಂತ ಕೆಳಗ ಬ್ಯಾಡ್ರಿ" ಅಂದು ಮಾಲು ಬಿಟ್ಟು ಹೋದರು. ಎರಡನೆಯವರೇ ಜಾಣರು ಅಂತ ನೀನು ಅಂದುಕೊಳ್ಳುತ್ತೀಯ. ಅವರು ಮಾರ್ಚ್‌ನಲ್ಲಿ ಬಂದು ಎಂಟು ಸಾವಿರಕ್ಕಿಂತ ಎಷ್ಟೋ ಕೆಳಗೆ ಕೊಟ್ಟು ಹೋದರು, ಮುಖ ನೋಡೋಕೆ ಆಗಲಿಲ್ಲ. ಮೊದಲನೆಯವರಿಗೆ ಮಗಳ ಫೀಸು ಕಟ್ಟುವುದಿತ್ತು, ಅವತ್ತೇ ಕಟ್ಟಿದರು. ಆದರೂ ತೊಗರಿಗೆ ಸರಕಾರದ ಬೆಂಬಲ ಬೆಲೆ ಅಂತ ಒಂದು ಇದೆ, 2024-25ಕ್ಕೆ ಕ್ವಿಂಟಲ್‌ಗೆ 7,550 ಇತ್ತು. ನಿನ್ನ ಕಾಯಿನ್‌ಗೆ ಅದೂ ಇಲ್ಲ. ಗಂಜ್ ರಾತ್ರಿ ಬಾಗಿಲು ಹಾಕುತ್ತದೆ, ಷೇರು ಪೇಟೆ ಜಾಸ್ತಿ ಬಿದ್ದರೆ ಸರ್ಕ್ಯೂಟ್ ಅಂತ ನಿಲ್ಲಿಸ್ತಾರೆ, ಕ್ರಿಪ್ಟೋದಲ್ಲಿ ಹಾಗೆ ತಡೆಯುವವರು ಯಾರೂ ಇಲ್ಲ, ಮಧ್ಯರಾತ್ರಿಯಲ್ಲೂ ಓಡುತ್ತಲೇ ಇರುತ್ತದೆ. ಮಧ್ಯರಾತ್ರಿ ಕೆಲವು ಸಲ ಆರ್ಡರ್ ಬುಕ್ ಇನ್ನೂ ತೆಳು ಇರುತ್ತದೆ, ಮಾರುವವರು ಕೊಳ್ಳುವವರು ಕಡಿಮೆ, ನೀನು ಕೊಂಡದ್ದೂ ಆ ಹೊತ್ತಿಗೇ ಅಲ್ವಾ.

ಲಿಮಿಟ್‌ನಿಂದ ನಾನೂ ಒಮ್ಮೆ ಏಟು ತಿಂದಿದ್ದೇನೆ, ನಿಮ್ಮಪ್ಪನಿಗೆ ಗೊತ್ತಿಲ್ಲ, ಹೇಳಬೇಡ. 2021ರ ಏಪ್ರಿಲ್, ಲಾಕ್‌ಡೌನ್‌ನಲ್ಲಿ ಮನೆಯಲ್ಲಿ ಕೂತು ಕಲಿತ ಚಟ ಇದು. ಒಂದು ಸಣ್ಣ ಕಾಯಿನ್‌ಗೆ ಅವತ್ತಿನ ದರಕ್ಕಿಂತ 30 ಪರ್ಸೆಂಟ್ ಕೆಳಗೆ ಲಿಮಿಟ್ ಹಾಕಿ, ಇಷ್ಟಕ್ಕೆ ಯಾರು ಕೊಡ್ತಾರೆ ಅಂದುಕೊಂಡು ಮರೆತೇಬಿಟ್ಟೆ. ಮೇ 19ಕ್ಕೆ ಬಿಟ್‌ಕಾಯಿನ್ 43,000 ಡಾಲರ್ ಆಸುಪಾಸಿನಿಂದ ಒಂದೇ ದಿನದಲ್ಲಿ 30,000ದ ಹತ್ತಿರಕ್ಕೆ ಜಾರಿತಲ್ಲ, ಅವತ್ತು ಎಲ್ಲರೂ ಮಾರಿ ಓಡುವಾಗ ನನ್ನ ಆರ್ಡರ್ ಭರ್ತಿಯಾಯಿತು. ಖುಷಿಯಿಂದ ನಿಮ್ಮ ಕಾಕಿಗೆ ಚಹಾ ಮಾಡು ಅಂದೆ. ವಾರದೊಳಗೆ ಅದು ಇನ್ನೂ ಅರ್ಧಕ್ಕೆ ಇಳಿಯಿತು. ಕೆಳಗೆ ಹಾಕಿದ ಲಿಮಿಟ್ ಭರ್ತಿಯಾಗುವುದೇ ಹೆಚ್ಚಾಗಿ ಅಂಥ ದಿನ, ಬೇರೆಯವರಿಗೆ ಅದು ಬೇಡವಾದಾಗ. ನಡುವೆ ಏನಾದರೂ ಸುದ್ದಿ ಬಂದಿರುತ್ತದೆ, ನಿನ್ನ ಆರ್ಡರ್‌ಗೆ ಸುದ್ದಿ ಗೊತ್ತಾಗಲ್ಲ. ಈಗ ನಾನು ಹಾಕಿದ್ದನ್ನೆಲ್ಲ ಅಡತಿಯ ಕ್ಯಾಲೆಂಡರ್ ಮೇಲೆ ಪೆನ್ಸಿಲ್‌ನಲ್ಲಿ ಬರೆದಿಡುತ್ತೇನೆ. ಮುನೀಮರು ನಗ್ತಾರೆ, ನಗಲಿ.

"ಸ್ಟಾಪ್ ಲಾಸ್ ಹಾಕಿದ್ದೀನಿ, ಚಿಂತೆ ಇಲ್ಲ" ಅಂತಲೂ ಬರೆದಿದ್ದೀಯ. ದರ ಇಷ್ಟಕ್ಕೆ ಇಳಿದರೆ ತಾನೇ ಮಾರಿಬಿಡು ಅಂತ ಮೊದಲೇ ಹಾಕಿಡುವ ಆರ್ಡರ್ ಅದು. ಎಂಥ ಸ್ಟಾಪ್ ನೋಡಿದ್ದೀಯಾ? ಮುಟ್ಟಿದ ಮೇಲೆ ಅದು ಮಾರ್ಕೆಟ್ ಆರ್ಡರ್ ಆಗುವಂಥದ್ದಾದರೆ ಈ ಕತೆ ಕೇಳು. 2017ರ ಜೂನ್ 21ಕ್ಕೆ ಅಮೆರಿಕದ ಜಿಡ್ಯಾಕ್ಸ್ ಎಕ್ಸ್‌ಚೇಂಜ್‌ನಲ್ಲಿ ಯಾರೋ ಕೋಟಿಗಟ್ಟಲೆ ಮೌಲ್ಯದ ಈಥರ್ ಅನ್ನೋ ಕಾಯಿನ್ ಅನ್ನು ಒಂದೇ ಏಟಿಗೆ ಮಾರ್ಕೆಟ್ ಆರ್ಡರ್‌ನಲ್ಲಿ ಮಾರಿದರು. 317 ಡಾಲರ್ ಇದ್ದದ್ದು 224ಕ್ಕೆ ಬಂತು. ಅಷ್ಟರಲ್ಲಿ ಸುಮಾರು 800 ಸ್ಟಾಪ್ ಲಾಸ್‌ಗಳು, ಸಾಲ ಮಾಡಿ ಆಡಿದವರ ಮಾಲು, ಎಲ್ಲ ಒಂದರ ಹಿಂದೆ ಒಂದು ಎದ್ದವು, ಕೊಳ್ಳುವವರೇ ಇರಲಿಲ್ಲ, ಒಂದು ಕ್ಷಣ 10 ಸೆಂಟ್‌ಗೆ ಹೋಯಿತು. ದುಡ್ಡು ಉಳಿಯಲಿ ಅಂತ ಹಾಕಿದವರೇ ಅವತ್ತು ಹೆಚ್ಚು ಕಳೆದುಕೊಂಡದ್ದು. ಆಮೇಲೆ ಕಂಪನಿ ತನ್ನ ಕೈಯಿಂದ ತುಂಬಿಕೊಟ್ಟಿತು, ಎಲ್ಲರೂ ಕೊಡ್ತಾರೆ ಅಂತ ನಂಬಬೇಡ. ಸ್ಟಾಪ್ ಲಿಮಿಟ್ ಹಾಕಿದರೆ ಇಂತಿಷ್ಟಕ್ಕಿಂತ ಕೆಳಗೆ ಮಾರಲ್ಲ, ಆದರೆ ದರ ಅದನ್ನು ಹಾರಿ ಕೆಳಗೆ ಹೋದರೆ ಮಾಲು ನಿನ್ನ ಹತ್ತಿರವೇ ಉಳಿಯುತ್ತದೆ.

ಮಾರ್ಕೆಟ್ ಒತ್ತಲೇಬಾರದು ಅಂತಲ್ಲ. ಬಿಟ್‌ಕಾಯಿನ್‌ನಂಥದ್ದರಲ್ಲಿ ಎರಡು ಸಾವಿರಕ್ಕೆ ಕೊಳ್ಳುವಾಗ, ಎರಡೂ ಕಡೆ ಬುಕ್ ದಪ್ಪ ಇದ್ದರೆ, ನಾನೂ ಸುಮ್ನೆ ಒತ್ತುತ್ತೇನೆ, ಅಷ್ಟಕ್ಕೆ ಪೈಸೆ ಎಣಿಸುತ್ತ ಕೂತರೆ ಊಟ ಆರುತ್ತದೆ. ಹೊರಬರಲೇಬೇಕು, ದುಡ್ಡು ಇವತ್ತೇ ಬೇಕು ಅನ್ನುವಾಗಲೂ ಅದೇ ಸರಿ. ಒಂದೇ ಒತ್ತಿಗೆ ಕೊಳ್ಳುವ ಬಣ್ಣದ ಬಟನ್ ಇರುತ್ತದಲ್ಲ, ಅದನ್ನು ಮಾತ್ರ ಬಿಡು. ಅದರಲ್ಲಿ ಬುಕ್ಕೇ ಕಾಣಲ್ಲ, ದರದಲ್ಲೇ ಅವರ ಕಮಿಷನ್ ಸೇರಿರಬಹುದು.

ಈಗ ಇದ್ದ 1,500ರ ಬಗ್ಗೆ ಗಾಬರಿಯಾಗಿ ಮಾರ್ಕೆಟ್ ಆರ್ಡರ್‌ನಲ್ಲೇ ಮಾರಿಬಿಡಬೇಡ, ಮೆಟ್ಟಿಲು ಇಳಿಯುವಾಗಲೂ ಅದೇ ಏಟು ಬೀಳುತ್ತದೆ. ಮಾರಲೇಬೇಕು ಅಂದರೆ ಲಿಮಿಟ್ ಹಾಕಿ ನನಗೊಂದು ಮೆಸೇಜ್ ಮಾಡು. ಆ ಸ್ಟಾಪ್ ಯಾವುದು ಅಂತಲೂ ಇವತ್ತೇ ತೆಗೆದು ನೋಡು. ವೈನಿ ಶೇಂಗಾ ಹಿಂಡಿ ಕೇಳಿದ್ದರು, ಶನಿವಾರದ ಬೀದರ್ ಬಸ್ಸಿಗೆ ಡಬ್ಬಿ ಇಟ್ಟು ಕಳಿಸುತ್ತೇನೆ, ಸ್ಟ್ಯಾಂಡಿಗೆ ಹೋಗಿ ಇಸ್ಕೋ.

ನಿನ್ನ ಕಾಕಾ
ಕಲಬುರಗಿ